ಕಾರ್ಡು ಯಾರದು, ಮಗ್ಗ ಯಾರದು?

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ವಿದ್ಯುತ್ತು ಹೋದಾಗ ಮಗ್ಗದ ಸದ್ದು ನಿಲ್ಲುತ್ತದೆ. ಆಗ ಮನೆಮಂದಿಯೆಲ್ಲ ಜಗುಲಿಗೆ ಬಂದು ಕುಳಿತು, ಗದ್ದಲದಲ್ಲಿ ಆಡಲಾಗದೆ ಉಳಿದಿದ್ದ ಮಾತುಗಳನ್ನು ಆಡಿ ಮುಗಿಸುತ್ತಾರೆ. ಮುಂದಿನ ಭಾಗದಲ್ಲಿ ವಾಸ, ಹಿಂದಿನ ಭಾಗದಲ್ಲಿ ನಾಲ್ಕು ವಿದ್ಯುತ್ ಮಗ್ಗ, ಯಜಮಾನರಿಗೆ ಐವತ್ತು ದಾಟಿದೆ, ಮಗಳು ಬಿ.ಕಾಂ. ಮುಗಿಸಿ ಮನೆಯ ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ. ಇಂಥ ಮನೆಗಳು ಆ ಊರಿನಲ್ಲಿ ಹಲವು. ಅವುಗಳಲ್ಲಿ ಯಾವುದಾದರೊಂದನ್ನು ವಾಚಕರು ಮನಸ್ಸಿನಲ್ಲಿ ಕಲ್ಪಿಸಿಕೊಂಡರೆ ಸಾಕು, ಹೆಸರು ಬೇಕಾಗಿಲ್ಲ.

ಆ ಸಂಜೆ ಜಗುಲಿಯ ಮಾತು ಜಾಲತಾಣವನ್ನು ಕುರಿತದ್ದು. ನೇಯ್ದ ಸೀರೆ ಬೆಂಗಳೂರಿನ ಚಿಕ್ಕಪೇಟೆಯ ಸಗಟು ವ್ಯಾಪಾರಿಯ ಕೈ ಸೇರುತ್ತದೆ. ಅಲ್ಲಿಂದ ಮುಂದೆ ಅದು ಯಾವ ಊರಿನ ಯಾವ ಮದುವೆಗೆ ಹೋಯಿತೆಂಬುದು ನೇಯ್ದವರಿಗೆ ತಿಳಿಯದು; ನೇಯ್ದವರು ಯಾರೆಂಬುದು ಉಟ್ಟವರಿಗೆ ತಿಳಿಯದು. ತಮ್ಮದೇ ಒಂದು ಜಾಲತಾಣವಿದ್ದರೆ ಸೀರೆಯೊಂದಿಗೆ ಮನೆಯ ಹೆಸರೂ ಹೊರಗೆ ಹೋದೀತು, ನಾಲ್ಕು ಕಾಸು ನೇರವಾಗಿ ಮನೆಗೆ ಬಂದೀತು ಎಂದು ಮಗಳ ಆಸೆ. ತಂದೆಗೂ ಆಸೆ ಇದ್ದಿತು. ಅದಕ್ಕಿಂತ ಅನುಮಾನ ಒಂದು ತೂಕ ಹೆಚ್ಚಾಗಿದ್ದಿತು.

ಸಲಹೆಗೇನೂ ಕೊರತೆಯಿರಲಿಲ್ಲ. ಎದುರುಮನೆಯ ಇಂಜಿನಿಯರಿಂಗ್ ಹುಡುಗ ಹೇಳಿದ:

"ವರ್ಡ್‌ಪ್ರೆಸ್ ಹಾಕಿಸಿಬಿಡಿ, ಮಾವ. ಅರ್ಧ ಪ್ರಪಂಚ ಅದರ ಮೇಲೆಯೇ ನಡೆಯುತ್ತಿದೆ."

ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿರುವ ಅಣ್ಣನ ಮಗ ಒಪ್ಪಲಿಲ್ಲ.

"ಅದಕ್ಕೆ ದಿನಾ ಕಾವಲು ಕೂರುವವರು ಯಾರು, ಚಿಕ್ಕಪ್ಪ? ತಿಂಗಳ ಬಾಡಿಗೆ ಕಟ್ಟಿದರೆ ಎಲ್ಲವನ್ನೂ ಅವರೇ ನೋಡಿಕೊಳ್ಳುವ ಕಂಪೆನಿಗಳಿವೆ."

ಹೊಸಕೋಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಸೋದರಮಾವನದು ಮೂರನೆಯ ದಾರಿ. "ಭಾವ, ಎರಡೂ ಬೇಡ. ಇನ್‌ಸ್ಟಾಗ್ರಾಮಿನಲ್ಲಿ ಫೋಟೋ ಹಾಕಿ. ಬಿಡಿಗಾಸು ಖರ್ಚಿಲ್ಲ."

ಮೂವರ ಮಾತಿನಲ್ಲೂ ಸತ್ಯಾಂಶವಿದ್ದಿತು. ಯಜಮಾನರ ತಲೆ ಕೆಟ್ಟದ್ದೂ ಅದಕ್ಕೇ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಕೇಳಿದರು:

"ಅದೆಲ್ಲ ಇರಲಿ. ನಾಳೆ ಅವರಿಗೂ ನಮಗೂ ಸರಿಬಾರದೆ ಹೋದರೆ, ನಮ್ಮ ಕಾರ್ಡನ್ನು ಬಿಚ್ಚಿಕೊಂಡು ಬರಬಹುದೇ?"

ಹುಡುಗರು ನಕ್ಕರು. ಅವರ ಮನಸ್ಸಿಗೆ ಬಂದದ್ದು ಬ್ಯಾಂಕಿನ ಕಾರ್ಡು. ಯಜಮಾನರು ಕೇಳಿದ್ದು ಜಕಾರ್ಡಿನ ಕಾರ್ಡನ್ನು ಕುರಿತು.

ಸೆರಗಿನಲ್ಲಿ ಮಾವಿನಕಾಯಿಯೋ ನವಿಲೋ ಮೂಡಬೇಕಾದರೆ ಮಗ್ಗದ ಮೇಲೆ ಜಕಾರ್ಡ್ ಪೆಟ್ಟಿಗೆ ಬೇಕು. ಅದರೊಳಗೆ ಸಾಲುಸಾಲಾಗಿ ಕೊಕ್ಕೆಗಳು. ಕೊಕ್ಕೆಗಳ ಹಿಡಿತದಲ್ಲಿ ಹಾಸಿನ ಎಳೆಗಳು. ರಂಧ್ರ ಕೊರೆದ ರಟ್ಟಿನ ಪಟ್ಟಿಗಳನ್ನು ದಾರದಿಂದ ಮಾಲೆಯಂತೆ ಪೋಣಿಸಿ ಪೆಟ್ಟಿಗೆಗೆ ಏರಿಸುತ್ತಾರೆ. ರಂಧ್ರವಿದ್ದ ಕಡೆ ಕೊಕ್ಕೆ ತನ್ನ ಎಳೆಯನ್ನು ಮೇಲೆತ್ತುತ್ತದೆ. ರಂಧ್ರವಿಲ್ಲದ ಕಡೆ ಎಳೆ ಕೆಳಗೇ ಉಳಿಯುತ್ತದೆ. ಎರಡರ ನಡುವೆ ಲಾಳಿ ಒಮ್ಮೆ ಓಡುತ್ತದೆ. ಒಂದು ಕಾರ್ಡಿಗೆ ಲಾಳಿಯ ಒಂದು ಓಟ. ಹೀಗೆ ನೂರಾರು ಕಾರ್ಡು ಕಳೆಯುವ ಹೊತ್ತಿಗೆ ನವಿಲಿಗೆ ಕೊಕ್ಕು ಬಂದಿರುತ್ತದೆ.

ಈ ಏರ್ಪಾಡನ್ನು 1804ರ ಸುಮಾರಿಗೆ ರೂಪಿಸಿದವನು ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರಿ ಜಕಾರ್. 1839ರಲ್ಲಿ ಅವನದೇ ಭಾವಚಿತ್ರವನ್ನು ರೇಷ್ಮೆಯಲ್ಲಿ ನೇಯ್ದಾಗ ಸುಮಾರು 24,000 ಕಾರ್ಡು ಬೇಕಾಯಿತು. ನೋಡಿದವರು ಅದು ನೇಯ್ಗೆಯೆಂದು ನಂಬದೆ ಅಚ್ಚೊತ್ತಿದ ಚಿತ್ರವೆಂದು ಭ್ರಮಿಸುವಷ್ಟು ನಯವಾಗಿದ್ದಿತು. ಅದರ ಒಂದು ಪ್ರತಿ ಲಂಡನ್ನಿನಲ್ಲಿ ಚಾರ್ಲ್ಸ್ ಬ್ಯಾಬೇಜನ ಬಳಿ ಇದ್ದಿತು. ತಾನು ಕಲ್ಪಿಸಿದ ಗಣಕಯಂತ್ರಕ್ಕೆ ಆಜ್ಞೆ ನೀಡಲು ಬ್ಯಾಬೇಜ್ ಆರಿಸಿಕೊಂಡದ್ದು ಇಂಥ ಕಾರ್ಡುಗಳನ್ನೇ. 1890ರ ಅಮೆರಿಕದ ಜನಗಣತಿಯನ್ನು ಹರ್ಮನ್ ಹಾಲರಿತ್ ರಂಧ್ರದ ಕಾರ್ಡುಗಳಿಂದ ಎಣಿಸಿದ. ಅವನ ಕಂಪೆನಿ 1911ರಲ್ಲಿ ಬೇರೆ ಕಂಪೆನಿಗಳೊಡನೆ ಕೂಡಿ, 1924ರಲ್ಲಿ ಐ.ಬಿ.ಎಂ. ಎಂಬ ಹೆಸರನ್ನು ತಾಳಿತು. ತಂತ್ರಾಂಶವೆಂದರೇನೆಂದು ದೊಡ್ಡಬಳ್ಳಾಪುರದ ನೇಕಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಅವನ ತಲೆಯ ಮೇಲೆಯೇ ತೂಗುತ್ತಿದೆ.

ಮಗ್ಗವನ್ನು ಮಾರಿದರೂ, ಬೇರೊಬ್ಬರ ಮಗ್ಗದಲ್ಲಿ ಕೂಲಿಗೆ ಕುಳಿತರೂ, ಕಾರ್ಡಿನ ಕಟ್ಟು ತನ್ನದಾಗಿದ್ದರೆ ನಮೂನೆ ತನ್ನದು. ಕೊಕ್ಕೆಗಳ ಲೆಕ್ಕ ಹೊಂದಿಕೊಳ್ಳುವ ಬೇರೆ ಮಗ್ಗದ ಮೇಲೆ ಅದೇ ನವಿಲು ಮತ್ತೆ ಮೂಡುತ್ತದೆ. ಈಗ ವಿದ್ಯುನ್ಮಾನ ಜಕಾರ್ಡ್ ಬಂದು ರಟ್ಟಿನ ಬದಲು ಪೆನ್‌ಡ್ರೈವಿನಲ್ಲಿ ನಮೂನೆಯನ್ನು ಕೊಂಡೊಯ್ಯುವಂತಾಗಿದೆ, ಲೆಕ್ಕ ಬದಲಾಗಿಲ್ಲ. ಆದುದರಿಂದ ಯಜಮಾನರ ಪ್ರಶ್ನೆ ನಗುವಂಥದಾಗಿರಲಿಲ್ಲ. ಜಾಲತಾಣ ಕಟ್ಟುವ ಸಾಧನವನ್ನು ಆರಿಸಲು ಕುಳಿತವರು ಮೊದಲು ಕೇಳಬೇಕಾದುದು ಅದನ್ನೇ. ಬಣ್ಣ ಬಣ್ಣದ ಮಾದರಿಗಳೆಷ್ಟು, ಎಷ್ಟು ನಿಮಿಷದಲ್ಲಿ ಪುಟ ಸಿದ್ಧವಾಗುತ್ತದೆ ಎಂಬ ಪ್ರಶ್ನೆಗಳು ಆಮೇಲಿನವು.

ಕನ್ನಡಿಗರಿಗಂತೂ ಈ ಪ್ರಶ್ನೆ ಒಮ್ಮೆ ಸುಟ್ಟ ಬೆರಳು. ಅದು ಆ ಮನೆಯ ಮಗಳಿಗೆ ಮಾರನೆಯ ದಿನವೇ ತಿಳಿಯಿತು. ಸೀರೆಗಳ ವಿವರವನ್ನು ಹೊಸದಾಗಿ ಬೆರಳಚ್ಚು ಮಾಡುವುದೇಕೆಂದು, ಹಿಂದೆ ಮುದ್ರಣಾಲಯದಲ್ಲಿ ಮಾಡಿಸಿದ್ದ ಕರಪತ್ರದ ಕಡತವನ್ನು ತರಿಸಿದಳು. ಮುದ್ರಿತ ಪ್ರತಿಯಲ್ಲಿ ಮುತ್ತಿನಂಥ ಕನ್ನಡ. ಅದನ್ನೇ ಜಾಲಪುಟದಲ್ಲಿ ಅಂಟಿಸಿದಾಗ 'ಕನ್ನಡ' ಎಂಬ ಮೂರಕ್ಷರದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ 'ಪಿ', ಅದರ ಪಕ್ಕ ನೆತ್ತಿಯ ಮೇಲೆ ಓರೆಗೀಟುಳ್ಳ 'ಎ', ಆಮೇಲೆ ಬ್ರಿಟಿಷ್ ಪೌಂಡಿನ ಗುರುತು, ಜರ್ಮನರ ಒಂದು ಅಕ್ಷರ, ಕೊನೆಯಲ್ಲಿ ಒಂದು 'ಕ್ಯೂ' ಬಂದು ಕುಳಿತವು.

ತಂದೆ ಕನ್ನಡಕವನ್ನು ಸರಿಮಾಡಿಕೊಂಡು ನೋಡಿದರು. "ಇದೇನಮ್ಮಾ, ಎಲ್ಲಿ ನೋಡಿದರೂ ಪೌಂಡು? ಸೀರೆಯ ಬೆಲೆಯನ್ನು ಲಂಡನ್ನಿನವರು ಕಟ್ಟಿದರೇ?"

"ಇದು ನುಡಿಯಲ್ಲಿ ಹೊಡೆದದ್ದು, ಅಪ್ಪಾಜಿ. ಆ ಫಾಂಟು ಇಲ್ಲದ ಕಡೆ ಹೀಗೇ."

ಇದರ ಹಿಂದಿನ ಕಥೆ ಚಿಕ್ಕದಲ್ಲ. ಭಾರತದಲ್ಲಿ ಅಂತರಜಾಲ ಸಾರ್ವಜನಿಕರಿಗೆ ದೊರೆತದ್ದು 1995ರ ಆಗಸ್ಟ್ 15ರಂದು. ಮರುವರ್ಷವೇ, 1996ರಲ್ಲಿ, ಡಾ. ಯು. ಬಿ. ಪವನಜ ಅವರು 'ವಿಶ್ವಕನ್ನಡ'ವನ್ನು ಹೊರತಂದರು. ಕನ್ನಡದ ಮೊದಲ ಜಾಲತಾಣವೆಂದು ಹೆಸರಾದುದು ಅದು. ಅಂದಿನ ಕಷ್ಟ ಇಂದಿನವರಿಗೆ ಊಹಿಸಲೂ ಕಷ್ಟ. ಗಣಕಯಂತ್ರದ ಬಳಕೆಯ ಅಕ್ಷರಪಟ್ಟಿಯಲ್ಲಿ ಇದ್ದುದು 256 ಮನೆಗಳು. ಅವುಗಳಲ್ಲಿ ಇಂಗ್ಲಿಷಿನವರೂ ಯುರೋಪಿನ ಇತರರೂ ಮೊದಲೇ ಬಿಡಾರ ಹೂಡಿದ್ದರು. ಕನ್ನಡಕ್ಕೆ ಸ್ವಂತ ಮನೆಯಿರಲಿಲ್ಲ. ಆದುದರಿಂದ ಉಪಾಯವೊಂದನ್ನು ಹೂಡಬೇಕಾಯಿತು: ಇಂಗ್ಲಿಷಿನ ಅಕ್ಷರಕ್ಕೆ ಕನ್ನಡದ ಮುಖವಾಡ. ಒಳಗೆ ಇರುವುದು 'ಪಿ'. ಆದರೆ ಕನ್ನಡದ ಫಾಂಟು ತೊಡಿಸಿದಾಗ ಅದು ಕಕಾರದ ಒಂದು ತುಂಡಾಗಿ ಕಾಣುತ್ತದೆ. ಪಕ್ಕದ 'ಎ' ತಲೆಕಟ್ಟಾಗಿ ಕಾಣುತ್ತದೆ. ಎರಡೂ ಸೇರಿ 'ಕ'. ಫಾಂಟು ಇಲ್ಲದ ಗಣಕಯಂತ್ರದಲ್ಲಿ ಮುಖವಾಡ ಕಳಚಿಬೀಳುತ್ತದೆ. ಓದುಗರೆಲ್ಲರ ಬಳಿ ಆ ಫಾಂಟು ಇರಬೇಕೆಂದರೆ ಆಗುವ ಮಾತೇ? ಪುಟದೊಂದಿಗೆ ಫಾಂಟನ್ನೂ ಕಳಿಸುವ ತಂತ್ರ ಬಂದಿತು; ಆದರೆ ಮೈಕ್ರೋಸಾಫ್ಟ್ ಬ್ರೌಸರಿನದು ಒಂದು ಬಗೆ, ನೆಟ್‌ಸ್ಕೇಪಿನದು ಇನ್ನೊಂದು. ಒಂದಕ್ಕಾಗಿ ಸಿದ್ಧಪಡಿಸಿದ್ದು ಮತ್ತೊಂದರಲ್ಲಿ ಕಾಣುತ್ತಿರಲಿಲ್ಲ.

1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಸರಕಾರಿ ಕಚೇರಿಗಳ ಮೇಜುಗಳನ್ನು ಸೇರಿತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿ ಸಾವಿರಾರು ಜನ ಬೆರಳಾಡಿಸಲು ಕಲಿತರು. ಇವರೆಲ್ಲರ ಶ್ರಮವಿಲ್ಲದೆ ಇದ್ದಿದ್ದರೆ ಗಣಕಯಂತ್ರದ ಮುಂದೆ ಒಂದು ತಲೆಮಾರು ಕನ್ನಡವನ್ನು ಮರೆಯುತ್ತಿತ್ತೆಂದು ಹೇಳುವುದರಲ್ಲಿ ಉತ್ಪ್ರೇಕ್ಷೆಯಿಲ್ಲ. ಮುಖವಾಡದ ಉಪಾಯ ಅಂದಿಗೆ ಅನಿವಾರ್ಯವೇ ಆಗಿದ್ದಿತು. ದೋಷವೇನಿದ್ದರೂ ಅನಿವಾರ್ಯ ತೀರಿದ ಮೇಲೂ ಅದನ್ನೇ ಅಪ್ಪಿಕೊಂಡವರದು.

ಏಕೆಂದರೆ ಅಷ್ಟರಲ್ಲಿ ಕನ್ನಡಕ್ಕೆ ಸ್ವಂತ ಮನೆ ಸಿಕ್ಕಿದ್ದಿತು. ಲೋಕದ ಲಿಪಿಗಳಿಗೆಲ್ಲ ಪ್ರತ್ಯೇಕ ಸಂಖ್ಯೆಗಳನ್ನು ಹಂಚುವ ಯೂನಿಕೋಡ್ ವ್ಯವಸ್ಥೆಯ ಮೊದಲ ಆವೃತ್ತಿ 1991ರಲ್ಲಿ ಹೊರಬಿದ್ದಾಗಲೇ ಅದರಲ್ಲಿ ಕನ್ನಡವಿದ್ದಿತು. ಅದರಂತೆ 'ಕ' ಎಂದರೆ 3221, 'ನ' ಎಂದರೆ 3240, ವ್ಯಂಜನಗಳನ್ನು ಬೆಸೆಯುವ ಹಲಂತ 3277, 'ಡ' 3233. 'ಕನ್ನಡ' ಎಂದು ಬರೆದರೆ ಒಳಗೆ ಕುಳಿತಿರುವುದು 3221, 3240, 3277, 3240, 3233 ಎಂಬ ಐದು ಸಂಖ್ಯೆಗಳು. ಇವು ಮೈಸೂರಿನಲ್ಲೂ ಮಸ್ಕತ್ತಿನಲ್ಲೂ ಅವೇ. ಫಾಂಟು ಯಾವುದಾದರೂ ಅವೇ. ಆದರೆ ಪತ್ರ ಬರೆದುಕೊಟ್ಟ ಮನೆಗೆ ಒಕ್ಕಲು ಹೋಗಲು ಹತ್ತು ವರ್ಷ ಹಿಡಿಯಿತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದು, ಅದರೊಡನೆ 'ತುಂಗಾ' ಎಂಬ ಫಾಂಟು ಬಂದ ಮೇಲೆ ಸಾಮಾನ್ಯರ ಗಣಕಯಂತ್ರದಲ್ಲಿ ಯೂನಿಕೋಡ್ ಕನ್ನಡ ಕಾಣತೊಡಗಿತು.

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಮೊದಲಿನಿಂದಲೂ ಈ ಸಂಖ್ಯೆಗಳ ಮೇಲೆ ನಿಂತದ್ದು. 2005ರಲ್ಲಿ ಹರಿಪ್ರಸಾದ್ ನಾಡಿಗ್ ಅವರು ಕಟ್ಟಿದ 'ಸಂಪದ'ಕ್ಕೆ ಆರಿಸಿಕೊಂಡದ್ದು ದ್ರುಪಲ್ ಎಂಬ ಮುಕ್ತ ತಂತ್ರಾಂಶ, ಬರೆಯುವವರಿಗೆ ಯೂನಿಕೋಡ್. ಆಗಿನ್ನೂ ಎಷ್ಟೋ ಗಣಕಯಂತ್ರಗಳಲ್ಲಿ ಒತ್ತಕ್ಷರಗಳು ಒಡೆದು ಕಾಣುತ್ತಿದ್ದವು. ಓದುಗರು ತಮ್ಮ ಗಣಕಯಂತ್ರಗಳನ್ನು ಸರಿಪಡಿಸಿಕೊಳ್ಳಬೇಕಾಗಿದ್ದಿತು. ಸುಲಭದ ದಾರಿ ಅದಲ್ಲವೆಂದು ತಿಳಿದೂ ಅದನ್ನು ಹಿಡಿದವರ ಎಣಿಕೆ ಸರಿಯಾಯಿತು. ಅಂದು ವಿಕಿಪೀಡಿಯದಲ್ಲಿ ಬರೆದ ವಾಕ್ಯ ಇಂದು ಹೊಲದ ಬದುವಿನಲ್ಲಿ ಕುಳಿತವನ ಮೊಬೈಲಿನಲ್ಲಿ ತೆರೆಯುತ್ತದೆ, ಹುಡುಕಿದರೆ ಸಿಗುತ್ತದೆ. ಅದೇ ಕಾಲದಲ್ಲಿ ಮುಖವಾಡದ ಅಕ್ಷರಗಳಲ್ಲಿ ಬೆರಳಚ್ಚಾದ ಸ್ಮರಣಸಂಚಿಕೆಗಳು, ಸಂಘಗಳ ವರದಿಗಳು, ಕರಪತ್ರಗಳು ಮುದ್ರಣಾಲಯಗಳ ಹಳೆಯ ಗಣಕಯಂತ್ರಗಳಲ್ಲಿ ಪೌಂಡು ಎಣಿಸುತ್ತ ಬಿದ್ದಿವೆ.

ಅವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ, ಹಣ ಕೊಡಬೇಕಾಗಿಲ್ಲ. ಮಗಳು ಹಾಗೆಯೇ ಮಾಡಿದಳು. ಒಂದು ಹರದಾರಿ ದಾರಿ ಸವೆಯಿತು. ಆದರೆ ಕರಪತ್ರದಲ್ಲಿದ್ದ ಇಂಗ್ಲಿಷ್ ಪದಗಳನ್ನೂ ಯಂತ್ರವು ಮುಖವಾಡವೆಂದೇ ತಿಳಿದು ಅರ್ಥವಿಲ್ಲದ ಕನ್ನಡವಾಗಿ ತಿರುಗಿಸಿಬಿಟ್ಟಿದ್ದಿತು. ಊರಿನ ಹೆಸರಿನ ಪಕ್ಕದ ದೂರವಾಣಿ ಸಂಖ್ಯೆ ಉಳಿದದ್ದು ಪುಣ್ಯ. ಒಂದು ಸಾಲನ್ನೂ ಬಿಡದೆ ಕಣ್ಣಿನಿಂದ ತಿದ್ದಲು ಎರಡು ರಾತ್ರಿ ಹಿಡಿಯಿತು.

ಇನ್ನು ಸಾಧನಗಳ ವಿಚಾರ. ವರ್ಡ್‌ಪ್ರೆಸ್ 2003ರ ಮೇ ತಿಂಗಳಲ್ಲಿ ಮ್ಯಾಟ್ ಮುಲ್ಲನ್‌ವೆಗ್ ಮತ್ತು ಮೈಕ್ ಲಿಟಲ್ ಎಂಬ ಇಬ್ಬರು ಹೊರತಂದದ್ದು. 'ಅರ್ಧ ಪ್ರಪಂಚ' ಎಂಬುದು ಎದುರುಮನೆಯ ಹುಡುಗನ ಉತ್ಸಾಹ. ಲೋಕದ ಜಾಲತಾಣಗಳಲ್ಲಿ ಐದಕ್ಕೆ ಎರಡು ಅದರ ಮೇಲಿವೆಯೆಂಬುದು ಸ್ಥೂಲ ಲೆಕ್ಕ. ಅದೂ ಸಣ್ಣ ಮಾತಲ್ಲ. ತಂತ್ರಾಂಶಕ್ಕೆ ಬೆಲೆಯಿಲ್ಲ, ಅದನ್ನಿರಿಸುವ ಸರ್ವರಿನ ಜಾಗಕ್ಕೆ ಬಾಡಿಗೆಯುಂಟು. ಬರಹವನ್ನೆಲ್ಲ ಒಂದು ಕಡತವಾಗಿ ಇಳಿಸಿಕೊಂಡು, ಒಬ್ಬ ಸರ್ವರಿನವನನ್ನು ಬಿಟ್ಟು ಇನ್ನೊಬ್ಬನ ಬಳಿಗೆ ಹೋಗಬಹುದು. ಯಜಮಾನರ ಪ್ರಶ್ನೆಗೆ ಇದರ ಉತ್ತರ 'ಹೌದು'. ಅಣ್ಣನ ಮಗ ಹೇಳಿದ ಕಾವಲಿನ ಮಾತೂ ಅಷ್ಟೇ ನಿಜ. ಹೊಸ ಆವೃತ್ತಿಗಳನ್ನು ಆಗಾಗ ಏರಿಸುತ್ತಿರಬೇಕು. ಸಿಕ್ಕಸಿಕ್ಕ ಜೋಡಣೆಗಳನ್ನೆಲ್ಲ ತಗುಲಿಸಿ ಮರೆತರೆ ಕಳ್ಳರಿಗೆ ಹಿತ್ತಿಲ ಬಾಗಿಲು ತೆರೆದಿಟ್ಟಂತೆ. ಮದುವೆಯ ಕಾಲದಲ್ಲಿ ಮಗ್ಗದ ಮುಂದಿನಿಂದ ಏಳಲು ಪುರಸೊತ್ತಿಲ್ಲದ ಮನೆಗೆ ಇದು ಹೊರೆಯೇ. ದ್ರುಪಲ್ ಇನ್ನೂ ಗಟ್ಟಿ, ಇನ್ನೂ ಭಾರ. 2001ರಲ್ಲಿ ಬೆಲ್ಜಿಯಮ್ಮಿನ ದ್ರೀಸ್ ಬೈಟಾರ್ಟ್ ಹೊರತಂದ ಅದರ ಏಳನೆಯ ಆವೃತ್ತಿಗೆ 2025ರ ಜನವರಿಯಲ್ಲಿ ಪೋಷಣೆ ನಿಂತಿತು. ಅಲ್ಲಿಂದ ಮುಂದಿನ ಆವೃತ್ತಿಗೆ ಏರುವುದು ಬಹುಮಟ್ಟಿಗೆ ಮನೆಯನ್ನು ಕೆಡವಿ ಕಟ್ಟಿದಂತೆ. ಇಪ್ಪತ್ತು ಸೀರೆ ತೋರಿಸಲು ಅದು ಬೇಡ.

ಬಾಡಿಗೆಯ ಕಂಪೆನಿಗಳಲ್ಲಿ ಇಸ್ರೇಲಿನ ವಿಕ್ಸ್, ಕೆನಡಾದ ಶಾಪಿಫೈ ಹೆಸರಾದವು. ಕಾವಲು, ದುರಸ್ತಿ ಎಲ್ಲ ಅವರದೇ. ಬೆರಳಿನಿಂದ ಎಳೆದು ಚಿತ್ರವನ್ನು ಬೇಕಾದಲ್ಲಿ ಕೂರಿಸಬಹುದು. ಸೀರೆಗಳ ಪಟ್ಟಿ, ಬೆಲೆ ಇವುಗಳನ್ನು ಕೋಷ್ಟಕವಾಗಿ ಇಳಿಸಿಕೊಳ್ಳಲು ಎರಡರಲ್ಲೂ ಅನುಕೂಲವಿದೆ. ಆದರೆ ಕಟ್ಟಿದ ತಾಣವನ್ನು ಇಡಿಯಾಗಿ ಹೊರಗೊಯ್ದು ಬೇರೊಂದು ಸರ್ವರಿನಲ್ಲಿ ನಡೆಸಲಾಗದೆಂದು ವಿಕ್ಸ್ ತಾನೇ ತಿಳಿಸುತ್ತದೆ. ಅದು ಮೋಸವೇನಲ್ಲ, ಬಾಡಿಗೆ ಮನೆಯ ಗೋಡೆಗೆ ಬಳಿಸಿದ ಬಣ್ಣವನ್ನು ಖಾಲಿ ಮಾಡುವಾಗ ಕೆರೆದುಕೊಂಡು ಹೋಗಲಾಗದಷ್ಟೆ. ತಿಳಿದು ಸೇರಿದರೆ ದುಃಖವಿಲ್ಲ.

ಬಿಡಿಗಾಸಿಲ್ಲದೆ ಸಿಗುವುದರ ಬೆಲೆಯನ್ನು ಮಾತ್ರ ಎಚ್ಚರದಿಂದ ಕೇಳಬೇಕು. 1990ರ ದಶಕದಲ್ಲಿ ಜಿಯೋಸಿಟೀಸ್ ಎಂಬಲ್ಲಿ ಲಕ್ಷೋಪಲಕ್ಷ ಜನ ಬಿಟ್ಟಿಯಾಗಿ ಪುಟ ಕಟ್ಟಿಕೊಂಡಿದ್ದರು. 1999ರಲ್ಲಿ ಅದನ್ನು ಕೊಂಡ ಯಾಹೂ 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಹಳೆಯ ಕಥೆಯೆನ್ನುವವರಿಗೆ ಹೊಸತೂ ಇದೆ. ಗೂಗಲ್ ಸಂಸ್ಥೆ ಸಣ್ಣ ಅಂಗಡಿಗಳವರಿಗೆ ತನ್ನ ನಕಾಶೆಯ ವಿವರದಿಂದಲೇ ಒಂದು ಉಚಿತ ಜಾಲತಾಣವನ್ನು ಮಾಡಿಕೊಡುತ್ತಿತ್ತು. 2024ರ ಮಾರ್ಚಿನಲ್ಲಿ ಅವೆಲ್ಲವನ್ನೂ ನಿಲ್ಲಿಸಿತು. ಆ ವಿಳಾಸಕ್ಕೆ ಬಂದವರನ್ನು ಜೂನ್ 10ರವರೆಗೆ ಅಂಗಡಿಯ ನಕಾಶೆಯ ಪುಟಕ್ಕೆ ಕಳಿಸಿ, ಆಮೇಲೆ ಅದೂ ಇಲ್ಲ. ಚೀಟಿಯ ಮೇಲೆ, ಚೀಲದ ಮೇಲೆ ಆ ವಿಳಾಸವನ್ನು ಅಚ್ಚುಮಾಡಿಸಿದ್ದ ವ್ಯಾಪಾರಿಗೆ ಉಳಿದದ್ದು ಚೀಲ. ಸೋದರಮಾವನ ಇನ್‌ಸ್ಟಾಗ್ರಾಮ್ ಕೂಡ ಜಾತ್ರೆಯಲ್ಲಿ ಹಾಕಿದ ಅಂಗಡಿಯಂತೆ. ಗಿರಾಕಿ ಅಲ್ಲಿರುವಾಗ ಅಲ್ಲಿಗೆ ಹೋಗದಿರುವುದು ಹೆಡ್ಡತನ. ಆದರೆ ಘಾಟಿಯ ಜಾತ್ರೆ ಮುಗಿದ ಮೇಲೆ ಗಿರಾಕಿಗೆ ಹೇಳಲು ಊರಿನಲ್ಲೊಂದು ವಿಳಾಸ ಬೇಕಷ್ಟೆ?

ಇವೆರಡರ ನಡುವೆ ಮತ್ತೊಂದು ದಾರಿಯುಂಟು. ಅದನ್ನು ಹೇಳುವವರು ಕಡಿಮೆ, ಏಕೆಂದರೆ ಅದರಲ್ಲಿ ಮಾರುವವನಿಗೆ ಲಾಭವಿಲ್ಲ. ಬರಹವನ್ನು ಸರಳ ಅಕ್ಷರಕಡತಗಳಲ್ಲಿ ಬರೆದಿಟ್ಟುಕೊಂಡು, ಹ್ಯೂಗೋ, ಜೆಕಿಲ್ ಮುಂತಾದ ತಂತ್ರಾಂಶಗಳಿಂದ ಅವನ್ನು ಪುಟಗಳಾಗಿ ಮಾಡಿ ಸರ್ವರಿಗೆ ಏರಿಸುವುದು. ಒಡೆದು ನುಗ್ಗಲು ಹೆಚ್ಚು ಬಾಗಿಲುಗಳಿಲ್ಲ. ಮಂದಗತಿಯ ಮೊಬೈಲಿನಲ್ಲೂ ಪುಟ ತಟ್ಟನೆ ತೆರೆಯುತ್ತದೆ. ತಂತ್ರಾಂಶವೇ ನಾಳೆ ಇಲ್ಲವಾದರೂ ಅಕ್ಷರಕಡತಗಳು ಕೈಯಲ್ಲೇ ಇರುತ್ತವೆ. ಕಾರ್ಡಿನ ಕಟ್ಟಿಗೆ ಇದಕ್ಕಿಂತ ಹತ್ತಿರದ ಹೋಲಿಕೆ ಬೇರೆಯಿಲ್ಲ. ಕಲಿಯಲು ಮಾತ್ರ ತಾಳ್ಮೆ ಬೇಕು. ಗುಂಡಿಯೊತ್ತಿ ಹಣ ಪಡೆಯುವ ಏರ್ಪಾಡು ಬೇಕೆಂದರೆ ಹೊರಗಿನಿಂದ ಜೋಡಿಸಬೇಕು. ತಿಂಗಳಿಗೆ ಹತ್ತು ಸೀರೆ ಮಾರುವ ಮನೆಗೆ ದೂರವಾಣಿ ಸಂಖ್ಯೆಯೂ ಯುಪಿಐಯೂ ಸಾಕಾದಾವು.

ಯಾವುದನ್ನೇ ಆರಿಸಲಿ, ಕನ್ನಡದ ಮಟ್ಟಿಗೆ ಸಾಧನವನ್ನು ಒಂದು ಸಂಜೆ ಪರೀಕ್ಷಿಸಿ ನೋಡುವುದು ಲೇಸು. ಹೆಚ್ಚಿನ ಮಾದರಿಗಳನ್ನು ರೂಪಿಸಿದವರ ಕಣ್ಣ ಮುಂದಿದ್ದುದು ಇಂಗ್ಲಿಷ್. ಅದಕ್ಕೆ ಕೆಳಗೆ ಒತ್ತಕ್ಷರವಿಲ್ಲ. 'ಸ್ತ್ರೀ', 'ರಾಷ್ಟ್ರ', 'ಮಾರ್ಕೆಟ್ಟು' ಎಂದು ಬರೆದು, ಎರಡು ಸಾಲುಗಳನ್ನು ಒಂದರ ಕೆಳಗೊಂದು ಇಟ್ಟರೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟನ್ನು ತುಳಿಯುವುದುಂಟು. ಸಾಲುಗಳ ಅಂತರವನ್ನು ಹಿಗ್ಗಿಸಲು ಆ ಮಾದರಿ ಎಡೆಗೊಡುತ್ತದೆಯೇ ಎಂದು ನೋಡಬೇಕು. ನೋಟೋ ಸಾನ್ಸ್ ಕನ್ನಡ, ತಿರೋ ಕನ್ನಡ, ಬಲೂ ತಮ್ಮ ಮುಂತಾಗಿ ಯಾರು ಬೇಕಾದರೂ ಬಳಸಬಹುದಾದ ಯೂನಿಕೋಡ್ ಫಾಂಟುಗಳು ಈಗ ಹಲವಿವೆ. ಮುದ್ರಣಾಲಯದ ಅಂದವೇ ಬೇಕೆಂದು ಹಠಹಿಡಿದು, ಹಳೆಯ ಫಾಂಟಿನಲ್ಲಿ ಬರೆದುದನ್ನು ಚಿತ್ರವಾಗಿ ಅಂಟಿಸುವ ಚಾಳಿಯನ್ನು ಬಿಡಬೇಕು. ಚಿತ್ರದೊಳಗಿನ 'ರೇಷ್ಮೆ ಸೀರೆ' ಹುಡುಕುವವರ ಕೈಗೆ ಸುಲಭವಾಗಿ ಸಿಗದು. ಪುಟವನ್ನು ಓದಿ ಹೇಳುವ ಯಂತ್ರ ಅಂಧರ ಕಿವಿಗೆ ಅದನ್ನು ತಲುಪಿಸದು. ಅಕ್ಷರ ಅಕ್ಷರವಾಗಿಯೇ ಇದ್ದರೆ ಏನಾದೀತೆಂಬುದಕ್ಕೆ 'ವಚನ ಸಂಚಯ'ವನ್ನು ತೆರೆದು ನೋಡಬಹುದು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಒಂ���ು ಪದ ಎಲ್ಲೆಲ್ಲಿ ಬಂದಿದೆಯೆಂದು ಕ್ಷಣಮಾತ್ರದಲ್ಲಿ ತೋರಿಸುತ್ತದೆ.

ಕೊನೆಯದು ಹೆಸರಿನ ಮಾತು. ಇದರಲ್ಲಿ ಮೋಸಹೋದ ಮನೆಗಳು ಸಾಧನದಲ್ಲಿ ಮೋಸಹೋದವಕ್ಕಿಂತ ಕಡಿಮೆಯಿರಲಾರವು. ತಾಣದ ವಿಳಾಸದ ಹೆಸರನ್ನು ವರ್ಷಕ್ಕಿಷ್ಟೆಂದು ಶುಲ್ಕ ಕೊಟ್ಟು ನೋಂದಾಯಿಸಬೇಕು. 'ಡಾಟ್ ಇನ್' ಹೆಸರಿಗೆ ಸಾಮಾನ್ಯವಾಗಿ ಸಾವಿರ ರೂಪಾಯಿಯ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. '.ಭಾರತ' ಎಂದು ಕನ್ನಡ ಲಿಪಿಯಲ್ಲೇ ಮುಗಿಯುವ ವಿಳಾಸವನ್ನೂ ಪಡೆಯಬಹುದು. ತಾಣ ಕಟ್ಟಿಕೊಡುವ ಹುಡುಗ ಸದಭಿಪ್ರಾಯದಿಂದಲೇ ತನ್ನ ಹೆಸರು, ತನ್ನ ಮಿಂಚಂಚೆ ಕೊಟ್ಟು ನೋಂದಾಯಿಸಿಬಿಡುತ್ತಾನೆ. ಎರಡು ವರ್ಷದ ಮೇಲೆ ಅವನಿಗೆ ಪುಣೆಯಲ್ಲಿ ಕೆಲಸ ಸಿಗುತ್ತದೆ, ದೂರವಾಣಿ ಸಂಖ್ಯೆ ಬದಲಾಗುತ್ತದೆ. ನವೀಕರಣದ ಸೂಚನೆ ಯಾರೂ ತೆರೆಯದ ಪೆಟ್ಟಿಗೆಗೆ ಬಂದು ಬೀಳುತ್ತದೆ. ಹೆಸರು ಕೈಯಲ್ಲಿದ್ದರೆ ಸಾಧನವನ್ನು ಹತ್ತು ಸಲ ಬದಲಾಯಿಸಿದರೂ ಗಿರಾಕಿಗೆ ದಾರಿ ತಪ್ಪದು. ಹೆಸರೇ ಹೋದರೆ ಕಡತಗಳಿದ್ದು ಪ್ರಯೋಜನವೇನು?

ಮಗಳು ಮೂರು ಸಂಜೆಗಳನ್ನು ವ್ಯಯಿಸಿದಳು. ಒಂದೇ ಸೀರೆಯ ವಿವರವನ್ನು ಮೂರು ಸಾಧನಗಳಲ್ಲೂ ಏರಿಸಿ, ಹುಡುಕಿ, ಇಳಿಸಿಕೊಂಡು, ಇಳಿಸಿದ ಕಡತವನ್ನು ಬೇರೆ ಗಣಕಯಂತ್ರದಲ್ಲಿ ತೆರೆದು ನೋಡಿದಳು. ಕೊನೆಗೆ ವರ್ಡ್‌ಪ್ರೆಸ್ ಎಂದೇ ನಿರ್ಧಾರವಾಯಿತು. ಜೋಡಣೆಗಳು ಎರಡೇ, ತಿಂಗಳ ಮೊದಲ ಭಾನುವಾರ ಎದುರುಮನೆಯ ಹುಡುಗ ಬಂದು ಹೊಸ ಆವೃತ್ತಿ ಏರಿಸಬೇಕು, ಬದಲಿಗೆ ಅವನ ಅಕ್ಕನ ಮದುವೆಗೆ ಒಂದು ಸೀರೆ. ಹೆಸರು ತಂದೆಯವರ ಹೆಸರಿನಲ್ಲೇ ನೋಂದಣಿಯಾಯಿತು. ರಹಸ್ಯಪದವನ್ನು ಅವರು ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡದ್ದನ್ನು ನೋಡಿ ಅಣ್ಣನ ಮಗ ಹಣೆ ಚಚ್ಚಿಕೊಂಡ. ಇಳಿಸಿಕೊಂಡ ಕಡತವಿದ್ದ ಪೆನ್‌ಡ್ರೈವಿಗೆ ದಾರ ಕಟ್ಟಿ, ಹಳೆಯ ಕಾರ್ಡಿನ ಕಟ್ಟುಗಳ ಪಕ್ಕದ ಮೊಳೆಗೆ ಯಜಮಾನರೇ ತೂಗುಹಾಕಿದರು.

ಆಮೇಲೆ ಫೋನನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು ನೋಡಿದರು.

"ಅಕ್ಷರವೇನೋ ಸರಿ. ಆದರೆ ಇದು ನಮ್ಮ ಅರಗಿನ ಬಣ್ಣವೇ, ಮಗಳೇ? ಇಟ್ಟಿಗೆಯ ಬಣ್ಣ ಕಾಣುತ್ತಿದೆಯಲ್ಲ."

"ಟ್ಯೂಬ್‌ಲೈಟಿನಲ್ಲಿ ತೆಗೆದದ್ದು, ಅಪ್ಪಾಜಿ."

"ಹಾಗಾದರೆ ತೆಗೆದುಹಾಕು. ಬೆಳಗ್ಗೆ ಮಾಳಿಗೆಯ ಮೇಲೆ, ಎಳೆಬಿಸಿಲಿನಲ್ಲಿ ಹಿಡಿಯೋಣ. ನಿಮ್ಮಮ್ಮನನ್ನು ಕರಿ, ಸೆರಗಿನ ತುದಿ ಅವಳು ಹಿಡಿದುಕೊಳ್ಳಲಿ."